ಸೈಕಲ್ಲಿನ ಪ್ರದಕ್ಷಿಣೆ

ನಮ್ಮ ಗರಾಜಿನ ಗೋಡೆಗೆ ತೂಗುಹಾಕಿರುವ ಪುಟ್ಟ ಸೈಕಲ್ಲಿನ ಹಿಂದಿನ ಬ್ರೇಕಿನ ತಂತಿ, ಇರಬೇಕಾದದ್ದಕ್ಕಿಂತ ಒಂದು ಮೊಳ ಉದ್ದವಾಗಿದೆ. ಹ್ಯಾಂಡಲಿನಿಂದ ಹೊರಟು ಮರ್ಯಾದೆಯಾಗಿ ಹಿಂದಿನ ಚಕ್ರದ ಕಡೆಗೆ ಸಾಗುವುದನ್ನು ಬಿಟ್ಟು, ನಡುದಾರಿಯಲ್ಲಿ ಏನೋ ನೆನಪಾಗಿ ನಿಂತಂತೆ, ದೊಡ್ಡದೊಂದು ಕುಣಿಕೆಯಾಗಿ ಜೋತುಬಿದ್ದಿರುತ್ತದೆ. ಸೈಕಲ್ಲು ಬಲ್ಲವರು ಮನೆಗೆ ಬಂದರೆ ಅವರ ಕಣ್ಣು ಮೊದಲು ಹೋಗುವುದು ಅಲ್ಲಿಗೇ, "ಕಟ್ ಮಾಡಿ ಕೊಡ್ಲಾ?" ಎಂದು ಉಪಕಾರಬುದ್ಧಿಯಿಂದ ಕೇಳುತ್ತಾರೆ. ಗರಾಜು ಗುಡಿಸುವ ಉತ್ಸಾಹ ವರ್ಷಕ್ಕೊಮ್ಮೆ ಉಕ್ಕುವ ನನ್ನ ಯಜಮಾನರು ಇಕ್ಕಳ ಹಿಡಿದೇ ಅದರ ಹತ್ತಿರ ಸುಳಿದದ್ದುಂಟು. "ಮುಟ್ಟಿದ್ರೆ ನೋಡಿ ಮತ್ತೆ!" ಎಂದು ನಾನು ಅಡುಗೆಮನೆಯಿಂದಲೇ ಕೂಗಿದ್ದೂ ಉಂಟು. ಆ ಒಂದು ಮೊಳ ತಂತಿ ಅಲ್ಲಿ ಯಾಕಿರಬೇಕು ಎಂಬುದನ್ನು ನಿಮಗೆ ಹೇಳಿಬಿಡುತ್ತೇನೆ. ಸ್ನೇಹಿತರ ಹತ್ತಿರ ಹೇಳಿಕೊಳ್ಳದೆ ಇನ್ನಾರ ಹತ್ತಿರ ಹೇಳಿಕೊಳ್ಳಲಿ?

ಅದು ಎಂಬತ್ತರ ದಶಕದ ಆರಂಭದ ವರ್ಷಗಳು. ಮೈಸೂರಿನಲ್ಲಿ ಪ್ರೈಮರಿ ಶಾಲೆ ಮುಗಿಸಿ, ಅಪ್ಪ ಅಮ್ಮನ ಜೊತೆ ಅಮೆರಿಕದ ಕ್ಯಾಂಪ್‌ಬೆಲ್ಲಿಗೆ ಬಂದು, ಹೈಸ್ಕೂಲಿನ ಹೊಸ್ತಿಲಲ್ಲಿ ನಿಂತಿದ್ದ ಹುಡುಗಿ ನಾನು. ಇಂಗ್ಲಿಷು ಬಂದಿತ್ತು, ಗೆಳತಿಯರು ಬಂದಿರಲಿಲ್ಲ. ಹಿತ್ತಲು ಎಂದು ಹೇಳಿಕೊಳ್ಳಲು ನಮಗಿದ್ದದ್ದು ಅಪಾರ್ಟ್‌ಮೆಂಟಿನ ಹಿಂದಿನ ಪಾರ್ಕಿಂಗ್ ಲಾಟು ಒಂದೇ. ಕಾರುಗಳೆಲ್ಲ ಆಫೀಸಿಗೆ ಹೋದಮೇಲೆ, ಬೇಸಿಗೆ ರಜೆಯ ಆ ಖಾಲಿ ಟಾರಿನ ಮೇಲೆ ಡ್ಯಾನಿ ಎಂಬ ಕೆಂಪುಗೂದಲಿನ ಹುಡುಗನೂ ಅವನ ಗೆಳೆಯರೂ ತಮ್ಮ ಬಿಎಂಎಕ್ಸ್ ಎಂಬ ಪುಟ್ಟ ಕಸರತ್ತಿನ ಸೈಕಲ್ಲುಗಳನ್ನು ಕುಣಿಸುತ್ತಿದ್ದರು. ಸೈಕಲ್ಲಿರುವುದು ಒಂದೆಡೆಯಿಂದ ಇನ್ನೊಂದೆಡೆಗೆ ಹೋಗಲಿಕ್ಕೆ ಎಂದು ನಂಬಿ ಬೆಳೆದವಳು ನಾನು. ಎಲ್ಲಿಗೂ ಹೋಗದೆ, ನಿಂತಲ್ಲೇ ಬುಗುರಿಯಾಗುವ ಸೈಕಲ್ಲನ್ನು ಕಂಡದ್ದೇ ನನ್ನ ಎದೆ ಝಲ್ಲೆಂದಿತು. ಹುಟ್ಟುಹಬ್ಬಕ್ಕೆ ಬೇರೇನೂ ಬೇಡವೆಂದು ಕಾಡಿ ಬೇಡಿ ಅಂಥದೇ ಒಂದನ್ನು ತರಿಸಿಕೊಂಡೆ.

ನಾನು ಕಲಿಯಲು ಹೊರಟ ವಿದ್ಯೆಗೆ ಟೇಲ್‌ವಿಪ್ ಎಂದು ಹೆಸರು, ಬಾಲ ಬೀಸುವುದು ಎನ್ನಿ. ಮೆಲ್ಲಗೆ ಉರುಳುತ್ತಿರುವಾಗ ಮುಂದಿನ ಬ್ರೇಕು ಹಿಡಿದು, ಮುಂದಿನ ಚಕ್ರದ ಅಚ್ಚಿಗೆ ಸಿಕ್ಕಿಸಿದ ಗೂಟದ ಮೇಲೆ ಒಂದು ಕಾಲೂರಿ, ಇನ್ನೊಂದು ಕಾಲಿನಿಂದ ಸೈಕಲ್ಲಿನ ಹಿಂಭಾಗವನ್ನು ಒದೆಯಬೇಕು. ಸೀಟು, ಪೆಡಲು, ಹಿಂದಿನ ಚಕ್ರ ಎಲ್ಲ ಒಟ್ಟಿಗೆ ನೆಲ ಬಿಟ್ಟೆದ್ದು, ಮುಂದಿನ ಚಕ್ರದ ಮೇಲೆ ನಿಂತ ನಮ್ಮನ್ನು ಒಂದು ಸುತ್ತು ಬಳಸಿಬರುತ್ತವೆ. ಬಂದ ಕ್ಷಣಕ್ಕೆ ಹಾರಿ ಪೆಡಲು ಮೆಟ್ಟಿ ಮುಂದೆ ಸಾಗಬೇಕು. ಒಂದು ಕಾಲು ನೆಲಕ್ಕೆ ತಾಗಿತೋ, ಆಟ ಕೆಟ್ಟಿತು.

ಇಲ್ಲೊಂದು ತೊಡಕಿದೆ, ದಯವಿಟ್ಟು ಗಮನವಿಡಿ, ಕಥೆಯೆಲ್ಲ ನಿಂತಿರುವುದು ಇದರ ಮೇಲೆ. ಹಿಂದಿನ ಬ್ರೇಕಿನ ತಂತಿ ಹ್ಯಾಂಡಲಿಗೂ ಹಿಂದಿನ ಚಕ್ರಕ್ಕೂ ಗಂಟುಹಾಕಿಕೊಂಡಿರುತ್ತದಲ್ಲ, ಹಿಂಭಾಗ ಒಂದು ಸುತ್ತು ಬಂದರೆ ತಂತಿಯೂ ಸೈಕಲ್ಲಿನ ಕೊರಳಿಗೆ ಒಂದು ಸುತ್ತು ಬಿಗಿದುಕೊಳ್ಳುತ್ತದೆ. ಅದಕ್ಕೆಂದೇ ಹುಡುಗರು ಉದ್ದನೆಯ ತಂತಿ ಹಾಕಿಸುತ್ತಿದ್ದರು, ನಾನೂ ಹಾಕಿಸಿದೆ. ಆದರೂ ಅದೇ ದಿಕ್ಕಿಗೆ ಇನ್ನೊಂದು ಸುತ್ತು ಹಾಕಿದರೆ ತಂತಿ ಹರಿದುಹೋಗುತ್ತದೆ. ಹಾಗಾಗಿ ಒಂದು ಕಡೆಗೆ ಸುತ್ತಿದವರು ಮರುಸುತ್ತನ್ನು ಇನ್ನೊಂದು ಕಡೆಗೆ ಹಾಕಿ ಬಿಚ್ಚಲೇಬೇಕು. ಈ ತೊಡಕನ್ನು ನೀಗುವ ಪುಟ್ಟ ಸಾಧನವೊಂದು ಮುಂದೆ ಅಂಗಡಿಗೆ ಬಂತು, ಆದರೆ ನಮ್ಮ ಕಾಲಕ್ಕೆ ಸುತ್ತಿದವರೇ ಬಿಚ್ಚಬೇಕಿತ್ತು.

ಆ ವರ್ಷ ಪೇಟೆಬೀದಿಯ ಸೈಕಲ್ ಅಂಗಡಿಯವರು, ರಜೆ ಮುಗಿಯುವ ಭಾನುವಾರ ಅಂಗಡಿಯ ಮುಂದೆ ಒಂದು ಷೋ ಇಟ್ಟುಕೊಂಡಿದ್ದರು. ಒಂದು ಸುತ್ತು ಸುತ್ತಿ, ಅದನ್ನು ಬಿಚ್ಚಿ, ಕಾಲೂರದೆ ಸಾಗಬಲ್ಲವರಿಗಷ್ಟೇ ಅವಕಾಶ. ಹಿಂದಿನ ಬ್ರೇಕಿಲ್ಲದ ಸೈಕಲ್ಲಿಗೆ ಪ್ರವೇಶವಿಲ್ಲ. ನನಗೆ ಆ ಷೋ ಬೇಕಿತ್ತು. ಎಷ್ಟು ಬೇಕಿತ್ತೆಂದರೆ, ಆ ವರ್ಷ ನಾನು ದೇವರ ಮುಂದೆ ನಿಂತು ಬೇರೇನನ್ನೂ ಕೇಳಿದ ನೆನಪಿಲ್ಲ. ಶಾಲೆಯಲ್ಲಿ ಯಾರ ಬಾಯಿಗೂ ಹೊರಳದ ಹೆಸರಿನ ಹುಡುಗಿ, ಊಟದ ಡಬ್ಬಿಯನ್ನು ಮರೆಯಲ್ಲಿಟ್ಟುಕೊಂಡು ತಿನ್ನುವ ಹುಡುಗಿ, ಒಂದು ಸಲವಾದರೂ ನಡುಬೀದಿಯಲ್ಲಿ ಎಲ್ಲರಿಗೂ ಕಾಣುವಂತೆ ನಿಲ್ಲಬೇಕಿತ್ತು. ನನಗೆ ಸಹಜವಾಗಿ ಒಲಿದದ್ದು ಎಡಸುತ್ತು, ಗಡಿಯಾರದ ಮುಳ್ಳಿಗೆ ಎದುರಾದದ್ದು. ಅದನ್ನು ಕಲಿತು ಮುಗಿಸಿ, ಬಲಸುತ್ತನ್ನು ಆರಂಭಿಸುವ ಹೊತ್ತಿಗೆ ಮೈಸೂರಿನಿಂದ ಅಜ್ಜಿ ಬಂದರು.

ಅಜ್ಜಿ ಎಂದರೆ ಅಪ್ಪನ ತಾಯಿ. ಹಿಂದಿನ ವರ್ಷ ತಾತ ತೀರಿಕೊಂಡಿದ್ದರು. ತಾಯಿಯೊಬ್ಬರನ್ನೇ ಅಲ್ಲಿ ಬಿಡಲಾಗದೆ ಅಪ್ಪ ಸ್ವಲ್ಪ ಕಾಲ ಇಲ್ಲಿರಲಿ ಎಂದು ಕರೆಸಿಕೊಂಡಿದ್ದರು. ಬಂದ ವಾರವೇ ಅಜ್ಜಿಗೂ ಅಮೆರಿಕಕ್ಕೂ ಒಂದು ಜಗಳವಾಯಿತು. ಪ್ಲಾಸ್ಟಿಕ್ ಕುಂಡದಲ್ಲಿ ಅಮ್ಮ ಬೆಳೆಸಿದ ತುಳಸಿ ಬಾಲ್ಕನಿಯ ಮೂಲೆಯಲ್ಲಿತ್ತು, ಸುತ್ತುಹಾಕಲು ಜಾಗವಿರಲಿಲ್ಲ. ಪ್ರದಕ್ಷಿಣೆಯಿಲ್ಲದೆ ಕಾಫಿ ಕುಡಿಯದ ಜೀವ. ದಿನಾ ಬೆಳಿಗ್ಗೆ ಎದ್ದು, ಸೀರೆಯ ಮೇಲೆ ಸ್ವೆಟರ್ ತೊಟ್ಟು, ಕಾಲಿಗೆ ಅಪ್ಪನ ಕಾಲುಚೀಲ ಏರಿಸಿ, ಕುಂಡವನ್ನು ಕಂಕುಳಲ್ಲಿ ಹೊತ್ತು ಪಾರ್ಕಿಂಗ್ ಲಾಟಿಗೆ ಇಳಿದು, ಖಾಲಿ ಕಾರಿನ ಜಾಗವೊಂದರ ನಡುವೆ ಅದನ್ನಿಟ್ಟು ಸುತ್ತತೊಡಗಿದರು. ಹುಡುಗರು ಸೈಕಲ್ಲು ನಿಲ್ಲಿಸಿ ನೋಡಿದರು. ನಗುತ್ತಾರೇನೋ ಎಂದು ನಾನು ನಾಚಿ ನೀರಾಗುತ್ತಿದ್ದರೆ, ಡ್ಯಾನಿ ಮಾತ್ರ ಬಹಳ ಗಂಭೀರವಾಗಿ, ನಿಮ್ಮ ಗ್ರ್ಯಾಂಡ್‌ಮಾ ದಿನಾ ಒಂದೇ ಕಡೆಗೆ ಸುತ್ತುತ್ತಾರಲ್ಲ, ಬಿಚ್ಚುವುದು ಯಾವಾಗ ಎಂದು ಕೇಳಿದ. ಅದು ಹಾಗಲ್ಲ, ನಿನಗೆ ತಿಳಿಯುವುದಿಲ್ಲ ಎಂದು ಬಾಯಿ ಮುಚ್ಚಿಸಿದೆ. ನನಗಾದರೂ ಎಲ್ಲಿ ತಿಳಿದಿತ್ತು!

ಹೀಗೆ ಸುತ್ತುತ್ತಿದ್ದ ಅಜ್ಜಿ ಒಂದು ಬೆಳಿಗ್ಗೆ ನನ್ನ ಎಡಸುತ್ತನ್ನು ಕಂಡರು. ಕೈಯಲ್ಲಿದ್ದ ತಂಬಿಗೆ ಅಲ್ಲೇ ಕುಕ್ಕಿ, "ಪುಟ್ಟೀ! ನಿಲ್ಲಿಸೇ! ಏನೇ ಅದು ಅನಿಷ್ಟ! ಎಡಕ್ಕೆ ಸುತ್ತುತಾರೇನೇ ಯಾರಾದ್ರೂ?" ಎಂದು ಕೂಗಿದ ಕೂಗಿಗೆ ಮೇಲಿನ ಮನೆಯ ಕಿಟಕಿ ತೆರೆಯಿತು.

ಸಂಜೆ ಮನೆಯಲ್ಲಿ ಪಂಚಾಯಿತಿ. ಅಪ್ಪ, ಅಮ್ಮ, ಅಜ್ಜಿ ಮತ್ತು ಅಪರಾಧಿ. ನಾನೇನು ಸುಮ್ಮನಿರುವ ಪೈಕಿಯೇ? "ಅಜ್ಜಿ, ದೃಷ್ಟಿ ತೆಗೆಯೋವಾಗ ನೀನೂ ಎಡಕ್ಕೆ ಸುತ್ತಿಸ್ತೀಯಲ್ಲ?" ಎಂದೆ.

"ಅದು ಕೆಟ್ಟದ್ದನ್ನ ಮನೆಯಿಂದ ಕಳಿಸೋಕೆ ಕಣೇ. ನೀನು ಯಾರನ್ನ ಕಳಿಸಬೇಕು ಅಂತಿದೀಯ?" ಎಂದರು ಅಜ್ಜಿ. "ಬಲಕ್ಕೆ ಎಷ್ಟು ಬೇಕಾದ್ರೂ ಸುತ್ತು. ಬೀಳು, ಏಳು, ನಾನು ಕೇಳೋದಿಲ್ಲ. ಎಡಕ್ಕೆ ಮಾತ್ರ ಕೂಡದು."

ನಾನು ಅಪ್ಪನ ಕಡೆ ನೋಡಿದೆ. ವಿಜ್ಞಾನ ಓದಿದವರು, ಇಂಜಿನಿಯರು, ನನ್ನ ಪಕ್ಷ ವಹಿಸಿಯೇ ವಹಿಸುತ್ತಾರೆ ಎಂದು ನಂಬಿದ್ದೆ. ಅವರು ಪೇಪರಿನಿಂದ ತಲೆಯೆತ್ತದೆ, "ಅಜ್ಜಿ ಹೇಳಿದ್ಮೇಲೆ ಮುಗೀತು. ಎಡಕ್ಕೆ ಸುತ್ತೋದಾದ್ರೆ ಷೋನೂ ಬೇಡ ಏನೂ ಬೇಡ" ಎಂದುಬಿಟ್ಟರು. ಆಮೇಲೆ ನನ್ನ ತರಚಿದ ಮೊಣಕಾಲಿಗೆ ಅರಿಶಿನ ಒತ್ತುತ್ತಾ ಅಮ್ಮ ಮೆಲ್ಲಗೆ ಹೇಳಿದಳು. ಹಿಂದಿನ ವರ್ಷ ಮೈಸೂರಿಗೆ ಓಡಿದ ಅಪ್ಪ, ನೀರಿನ ಮಡಕೆ ಹೆಗಲ ಮೇಲಿಟ್ಟುಕೊಂಡು ತಾತನ ಚಿತೆಗೆ ಹಾಕಿದ್ದು ಎಡಸುತ್ತು, ಅಪ್ರದಕ್ಷಿಣೆ. ಹೆಂಗಸರು ಅಲ್ಲಿಗೆ ಹೋಗುವುದಿಲ್ಲ. ಅಜ್ಜಿ ಅದನ್ನು ಕಣ್ಣಿಂದ ಕಂಡವರಲ್ಲ. ಕಾಣದ್ದರಿಂದಲೇ ಇರಬೇಕು, ಅದು ಅವರ ಕಣ್ಣಮುಂದೆ ದಿನವೂ ಸುತ್ತುತ್ತಿತ್ತು. ಅದನ್ನು ಕೇಳಿದಮೇಲೆ, ಅಜ್ಜಿ ಇಲ್ಲದ ಹೊತ್ತಿನಲ್ಲಿ ಕದ್ದು ಎಡಕ್ಕೆ ಸುತ್ತುವ ಯೋಚನೆಯನ್ನು ಕೈಬಿಟ್ಟೆ. ಷೋವನ್ನು ಮಾತ್ರ ಬಿಡಲಿಲ್ಲ. ನಮ್ಮ ವಂಶದ ಹಟ ಅಜ್ಜಿಗೊಬ್ಬರಿಗೇ ಬಂದದ್ದೇನಲ್ಲವಲ್ಲ!

ಒಲಿದ ದಿಕ್ಕನ್ನು ಬಿಟ್ಟು ಒಲಿಯದ ದಿಕ್ಕಿಗೆ ಮೈಯನ್ನು ತಿರುಗಿಸುವುದಿದೆಯಲ್ಲ, ಮನಸ್ಸು ಒಪ್ಪಿದಷ್ಟು ಬೇಗ ಮೂಳೆ ಒಪ್ಪುವುದಿಲ್ಲ. ಎಡಗೈಯಲ್ಲಿ ರಂಗೋಲಿ ಎಳೆದು ನೋಡಿ, ಗೊತ್ತಾಗುತ್ತದೆ. ಬಲಕ್ಕೆ ಒದ್ದರೆ ಹಿಂದಿನ ಚಕ್ರ ಅರ್ಧಕ್ಕೆ ನಿಂತು ನನ್ನನ್ನೇ ಒದೆಯುತ್ತಿತ್ತು. ಪೆಡಲಿನ ಹಲ್ಲುಗಳು ಕಣಕಾಲಿನ ಮೇಲೆ ತಮ್ಮ ಸಹಿ ಹಾಕಿದವು, ಇಂದಿಗೂ ಇವೆ. ಕುಣಿಯಲಾರದವಳು ನೆಲ ಡೊಂಕು ಎಂದಂತೆ ನಾನು ಟಾರನ್ನು ಬೈದೆ, ಟೈರನ್ನು ಬೈದೆ, ಒಂದು ದಿನ ತುಳಸಿಯನ್ನೂ ಬೈದೆ. ಕೊನೆಗೆ ಡ್ಯಾನಿ, ನೀನು ಹೆದರಿ ಹಿಂದಕ್ಕೆ ವಾಲುತ್ತೀಯ, ನಿನ್ನ ಭಾರ ಹಿಂದಿದ್ದರೆ ಹಿಂದಿನ ಚಕ್ರ ಏಳುವುದಾದರೂ ಹೇಗೆ ಎಂದ. ನಿಜವೇ. ಬೀಳುವ ಭಯಕ್ಕೆ ನಾವು ಹಿಂದೆ ಸರಿಯುತ್ತೇವೆ, ಸರಿದದ್ದರಿಂದಲೇ ಬೀಳುತ್ತೇವೆ. ಎಲ್ಲಿ ಬೀಳುತ್ತೇನೋ ಎಂದು ಹೆದರಿಕೆಯಿತ್ತೋ ಅದೇ ಕಡೆಗೆ, ಮುಂದಿನ ಚಕ್ರದ ಮೇಲಕ್ಕೆ, ಎದೆಯನ್ನು ಚಾಚಿದ ದಿನ ಬಾಲ ಹಗುರಾಗಿ ಎದ್ದು ಬಲಕ್ಕೆ ಪೂರ್ತಿ ಒಂದು ಸುತ್ತು ಬಂತು. ತುಳಸಿಯ ಪಕ್ಕದಲ್ಲಿ ನಿಂತಿದ್ದ ಅಜ್ಜಿ, "ಹಾಂ, ಹಂಗೆ!" ಎಂದರು.

ಸುತ್ತೇನೋ ಆಯಿತು, ಬಿಚ್ಚುವುದು ಹೇಗೆ? ತಂತಿ ಕೊರಳು ಬಿಗಿದುಕೊಂಡು ನಿಂತ ಸೈಕಲ್ಲನ್ನು ನೋಡುತ್ತಾ ದಿನಗಳು ಕಳೆದವು. ಎಡಕ್ಕೆ ತಿರುಗಿಸದೆ ಬಿಡಿಸುವ ದಾರಿಯಿಲ್ಲ ಎಂದು ಹುಡುಗರೆಲ್ಲ ಒಮ್ಮತದಿಂದ ಹೇಳಿದರು. ಷೋ ಹತ್ತಿರ ಬರುತ್ತಿತ್ತು. ನನಗೆ ಅಳು ಬರುತ್ತಿತ್ತು, ಬಂದರೂ ಮನೆಗೆ ಬಂದಮೇಲೆ ಅತ್ತೆ, ಲಾಟಿನಲ್ಲಿ ಅಳಲಿಲ್ಲ.

ಆಗ ಒಂದು ಶನಿವಾರ ಅಪ್ಪ ನಮ್ಮನ್ನೆಲ್ಲ ಲಿವರ್‌ಮೋರಿಗೆ ಕರೆದುಕೊಂಡು ಹೋದರು. ಅಲ್ಲಿನ ಗುಡ್ಡದ ಮೇಲೆ ದೇವಸ್ಥಾನ ಕಟ್ಟುತ್ತಾರಂತೆ, ಜಾಗವನ್ನಾದರೂ ನೋಡಿ ಕೈಮುಗಿದು ಬರೋಣ ಎಂದು ಅಜ್ಜಿಯ ಆಸೆ. ಈ ದೇಶದ ಕಾರುಗಳ ಬಗ್ಗೆ ಅಜ್ಜಿಗೆ ಮೊದಲಿಂದಲೂ ತಕರಾರಿತ್ತು. ಮೈಸೂರಿನ ಸರ್ಕಲ್ಲುಗಳಲ್ಲಿ ಟಾಂಗಾ ಬಸ್ಸು ಆದಿಯಾಗಿ ಎಲ್ಲವೂ ಪ್ರದಕ್ಷಿಣಾಕಾರವಾಗಿ ಬರುತ್ತವೆ. ಇಲ್ಲಿಯವು ರಸ್ತೆಯ ಬಲಕ್ಕೆ ಓಡಿ ಎಲ್ಲವನ್ನೂ ತಿರುವುಮುರುವು ಮಾಡಿವೆ. ಹೀಗೆ ಗೊಣಗುತ್ತಾ ಕೂತಿದ್ದವರು, ಒಂದು ಫ್ರೀವೇ ಹೆದ್ದಾರಿಯಿಂದ ಇನ್ನೊಂದಕ್ಕೆ ದಾಟುವಲ್ಲಿ ತಟಕ್ಕನೆ ನೆಟ್ಟಗಾದರು. ನಾವು ಹೋಗಬೇಕಾದದ್ದು ಎಡಕ್ಕೆ. ಅಪ್ಪ ಕಾರನ್ನು ತಿರುಗಿಸಿದ್ದು ಬಲಕ್ಕೆ. ಬಲಬದಿಯ ರ‍್ಯಾಂಪಿಗೆ ಇಳಿದು, ಬಲಕ್ಕೇ ಬಾಗುತ್ತಾ ಬಾಗುತ್ತಾ, ಮುಕ್ಕಾಲು ಸುತ್ತು ಬಳಸಿ, ಬೇಕಾದ ದಾರಿಗೆ ಬಂದು ಸೇರಿಕೊಂಡೆವು.

"ನೋಡು, ಇದು ಸರಿಯಾದ ಪ್ರದಕ್ಷಿಣೆ!" ಎಂದು ಅಜ್ಜಿ ಕೆನ್ನೆ ಬಡಿದುಕೊಂಡರು. ಅಪ್ಪ ನಕ್ಕು, "ಎಡಕ್ಕೆ ಹೋಗಕ್ಕೆ ಬಲಕ್ಕೇ ಸುತ್ತೋದಮ್ಮ ಇಲ್ಲಿ" ಎಂದರು.

ಗುಡ್ಡ, ಅರ್ಧ ಎದ್ದ ಗೋಡೆ, ಒಣಹುಲ್ಲಿನ ಬೆಟ್ಟಗಳು ಯಾವುದನ್ನೂ ನಾನು ಸರಿಯಾಗಿ ನೋಡಲಿಲ್ಲ. ಅಪ್ಪನ ಮಾತು ತಲೆಯಲ್ಲಿ ಗಿರಕಿ ಹೊಡೆಯುತ್ತಿತ್ತು. ಮನೆಗೆ ಬಂದದ್ದೇ ಸೈಕಲ್ಲಿನ ಹತ್ತಿರ ಓಡಿದೆ. ಹಿಂಭಾಗ ಬಲಕ್ಕೆ ಸುತ್ತಿದ್ದರಿಂದ ತಂತಿ ಬಿಗಿದಿದೆ, ಸರಿ. ಹಿಂಭಾಗವನ್ನು ಎಡಕ್ಕೆ ಸುತ್ತುವಂತಿಲ್ಲ, ಅದೂ ಸರಿ. ಆದರೆ ಹಿಂಭಾಗವನ್ನು ಸುಮ್ಮನೆ ಬಿಟ್ಟು ಮುಂಭಾಗವನ್ನು ಸುತ್ತಿದರೆ? ಸೀಟನ್ನು ತೊಡೆಗಳ ನಡುವೆ ಹಿಡಿದು, ಮುಂದಿನ ಚಕ್ರವನ್ನು ನೆಲದಿಂದ ಎತ್ತಿ, ಹ್ಯಾಂಡಲನ್ನು ಮೆಲ್ಲನೆ ಒಂದು ಪೂರ್ತಿ ಸುತ್ತು ತಿರುಗಿಸಿದೆ, ಬಲಕ್ಕೆ. ತಂತಿ ಬಿಚ್ಚಿಕೊಂಡು ತೊಟ್ಟಿಲ ಹಗ್ಗದ ಹಾಗೆ ಸಡಿಲವಾಗಿ ತೂಗಿತು. ಇನ್ನೊಮ್ಮೆ ಮಾಡಿ ನೋಡಿದೆ. ಬಾಲ ಬಲಕ್ಕೆ ಸುತ್ತಿದರೆ ಗಂಟು, ತಲೆ ಬಲಕ್ಕೆ ಸುತ್ತಿದರೆ ಬಿಡುಗಡೆ. ಎರಡೂ ಪ್ರದಕ್ಷಿಣೆಯೇ! ನಾನು ಪಾರ್ಕಿಂಗ್ ಲಾಟಿನಲ್ಲಿ ಒಬ್ಬಳೇ ಕುಣಿದೆ.

ಕೈಯಲ್ಲಿ ತಿರುಗಿಸುವುದು ಸುಲಭ, ಓಡುವ ಸೈಕಲ್ಲಿನ ಮೇಲೆ ಮಾಡುವುದು ಬೇರೆ ಮಾತು. ಹಿಂದಿನ ಅಚ್ಚಿನ ಗೂಟಗಳ ಮೇಲೆ ನಿಂತು, ಮುಂದಿನ ಚಕ್ರವನ್ನು ಗಾಳಿಗೆತ್ತಿ, ಹ್ಯಾಂಡಲನ್ನು ಬಲಕ್ಕೆ ಬೀಸಿ, ಎರಡೂ ಕೈ ಬಿಟ್ಟು, ಅದು ಸುತ್ತಿಬರುವ ತನಕ ಯಾವ ಆಧಾರವೂ ಇಲ್ಲದೆ ನಿಂತು, ಬಂದೊಡನೆ ಹಿಡಿಯಬೇಕು. ಕೈ ಬಿಡುವುದನ್ನು ಕಲಿಯಲು ನನಗೆ ಹಿಡಿದಷ್ಟು ಕಾಲ ಇನ್ನಾವುದಕ್ಕೂ ಹಿಡಿಯಲಿಲ್ಲ. ಬೇಗ ಹಿಡಿಯಹೋದರೆ ಬೆರಳಿಗೆ ಪೆಟ್ಟು, ತಡವಾದರೆ ಗದ್ದಕ್ಕೆ. ಒಂದು ದಿನ ಹ್ಯಾಂಡಲಿನ ತುದಿ ಬಡಿದು ಗದ್ದ ಸೀಳಿ, ಹೊಲಿಗೆ ಬಿತ್ತು. ಇನ್ನು ಸಾಕು, ಮದುವೆಯಾಗಬೇಕಾದ ಮುಖ ಎಂದು ಅಮ್ಮ ಸೈಕಲ್ಲಿಗೆ ಬೀಗ ಹಾಕಿದಳು. ಬೀಗದ ಕೈಯನ್ನು ಅಮ್ಮನಿಂದ ಇಸಿದುಕೊಂಡು ನನ್ನ ಕೈಗಿತ್ತವರು ಅಜ್ಜಿ. "ಬಲಕ್ಕೆ ತಾನೇ ಬಿದ್ದಿದ್ದು? ಹೋಗ್ಲಿ ಬಿಡು" ಎಂದರು. ನಾನು ಹೊಲಿಗೆ ಬಿಚ್ಚುವ ತನಕವೂ ಕಾಯದೆ ಮತ್ತೆ ಲಾಟಿಗಿಳಿದೆ.

ಷೋದ ಭಾನುವಾರ ಬಂತು. ಪುಟ್ಟ ಪೇಟೆಬೀದಿಯ ಎರಡೂ ಬದಿಗೆ ಜನ. ಅಂಗಡಿಯ ನೆರಳಿನಲ್ಲಿ ಮಡಿಚುವ ಕುರ್ಚಿಯ ಮೇಲೆ ರೇಷ್ಮೆ ಸೀರೆಯ ಅಜ್ಜಿ, ಪಕ್ಕದಲ್ಲಿ ಅಪ್ಪ, ಕಣ್ಣು ಮುಚ್ಚಿ ಕೂತ ಅಮ್ಮ. ನನಗಿಂತ ಮೊದಲು ಡ್ಯಾನಿ ಎಡಕ್ಕೊಂದು ಬಲಕ್ಕೊಂದು ಸುತ್ತಿ ಚಪ್ಪಾಳೆ ಗಿಟ್ಟಿಸಿದ. ನನ್ನ ಸರದಿ ಬಂತು. ಮುಂದಿನ ಚಕ್ರದ ಮೇಲೆ ಎದೆ ಚಾಚಿ ಒದ್ದೆ. ಬಾಲ ಎದ್ದು ಬಲಕ್ಕೆ ಸುತ್ತಿಬಂತು. ಹಾರಿ ಪೆಡಲು ಮೆಟ್ಟಿದೆ. ತಂತಿ ಬಿಗಿದದ್ದು ಅಂಗೈಗೆ ತಿಳಿಯಿತು. ಇನ್ನು ಎಡಕ್ಕೆ ಒದೆಯುತ್ತಾಳೆ ಎಂದು ಎಲ್ಲರೂ ಕಾದಿರುವಾಗ ಹಿಂದಿನ ಗೂಟಗಳಿಗೆ ಜಿಗಿದು, ಮುಂದಿನ ಚಕ್ರ ಎತ್ತಿ, ಹ್ಯಾಂಡಲನ್ನು ಬಲಕ್ಕೆ ಬೀಸಿ ಕೈ ಬಿಟ್ಟೆ. ಅದು ನನ್ನ ಎದೆಯ ಮುಂದೆ ಹಾದುಹೋಯಿತು, ನಾನು ಕಾದೆ, ಬಂದಾಗ ಹಿಡಿದೆ. ಕಾಲೂರದೆ ಬೀದಿಯ ಕೊನೆಯವರೆಗೆ ಸಾಗಿದೆ. ಬೆನ್ನ ಹಿಂದೆ ಎದ್ದ ಗದ್ದಲದಲ್ಲಿ ಡ್ಯಾನಿ ನನ್ನ ಹೆಸರನ್ನು, ಪೂರ್ತಿ ಹೆಸರನ್ನು, ತಪ್ಪಿಲ್ಲದೆ ಕೂಗುತ್ತಿದ್ದ.

ಸೈಕಲ್ಲನ್ನು ತಳ್ಳಿಕೊಂಡು ಅಜ್ಜಿಯ ಮುಂದೆ ಬಂದು ನಿಂತೆ. ಭೇಷ್ ಎನ್ನುತ್ತಾರೆ ಎಂದು ಕಾದಿದ್ದರೆ ಅವರು ನನ್ನ ಮುಖವನ್ನೇ ನೋಡಲಿಲ್ಲ, ಸಡಿಲವಾಗಿ ಜೋತುಬಿದ್ದ ತಂತಿಯನ್ನು ಬೆರಳಲ್ಲಿ ಹಿಡಿದು, "ಎಡಕ್ಕೆ ಹೋಗ್ದೆ ಹೆಂಗೇ ಬಿಟ್ಕೊಳ್ತು ಇದು?" ಎಂದು ಕೇಳಿದರು. ನಾನು ಕೈಯಲ್ಲಿ ತಿರುಗಿಸಿ ತೋರಿಸಿದೆ. "ಮೊದಲು ಹಿಂದಿನ ಚಕ್ರ ಮುಂದಿನದನ್ನ ಸುತ್ತತ್ತೆ ಅಜ್ಜಿ, ಆಗ ಬಿಗಿಯತ್ತೆ. ಆಮೇಲೆ ಮುಂದಿನದು ಹಿಂದಿನದನ್ನ ಸುತ್ತಬೇಕು. ಆಗ ಬಿಟ್ಕೊಳ್ಳತ್ತೆ."

ಅಜ್ಜಿ ತಂತಿಯನ್ನು ಬಿಡಲಿಲ್ಲ. ಅದರ ಕಡೆಗೇ ನೋಡುತ್ತಾ, ಯಾರಿಗೂ ಅಲ್ಲವೆಂಬಂತೆ ಹೇಳಿದರು: "ಹದಿಮೂರು ವರ್ಷಕ್ಕೆ ಆ ಮನೆ ಸೇರ್ದೆ. ಅವತ್ತಿಂದ ನಿಮ್ಮ ತಾತನ್ನ ಸುತ್ತಿದ್ದೇ ಸುತ್ತಿದ್ದು. ಅವರ ಸ್ನಾನ, ಅವರ ಊಟ, ಅವರ ಸಿಟ್ಟು. ಒಂದೇ ಒಂದು ಸಲ ಅವರು ನನ್ನ ಸುತ್ತ ಸುತ್ತಿದ್ರೆ, ಈ ಗಂಟಲಲ್ಲಿರೋದು ಬಿಟ್ಕೊಂಡಿರೋದು ಕಣೇ."

ಅಪ್ಪ ಬೇರೆ ಕಡೆ ತಿರುಗಿ ನಿಂತರು. ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡು, ಕುರ್ಚಿಯಿಂದೆದ್ದು, ಮಗನ ಭುಜಕ್ಕೊಂದು ತಿವಿದು, "ಏನೋ ನೋಡ್ತಾ ನಿಂತಿದೀಯ? ನೀನಾದ್ರೂ ಸುತ್ತೋ" ಎಂದು ಅಮ್ಮನ ಕಡೆ ಗದ್ದ ಎತ್ತಿ ತೋರಿಸಿದರು. ಅಮ್ಮ ಆಗತಾನೇ ಕಣ್ಣು ಬಿಟ್ಟವಳು, ಏನು ನಡೆಯಿತೆಂದು ತಿಳಿಯದೆ ನಗುತ್ತಿದ್ದಳು. ಮರುದಿನ ಬೆಳಿಗ್ಗೆ ನಮ್ಮ ಮನೆಯಲ್ಲಿ ಮೊದಲ ಸಲ ಅಪ್ಪ ಕಾಫಿ ಮಾಡಿದರು. ನೀರಾಗಿತ್ತು. ಅಮ್ಮ ಲೋಟ ಬರಿದಾಗುವ ತನಕ ಕುಡಿದಳು.

ಅಜ್ಜಿ ಮೈಸೂರಿಗೆ ಮರಳಿ ಹೋಗಿ, ಕಾಲವಾಗಿ, ಎಷ್ಟೋ ವರ್ಷಗಳಾದವು. ಅವರ ಕಾರ್ಯಕ್ಕೆ ಹೋದ ಅಪ್ಪ ಮತ್ತೊಮ್ಮೆ ಎಡಕ್ಕೆ ಸುತ್ತಿಬಂದರು. ಅದನ್ನು ತಪ್ಪಿಸುವ ಯುಕ್ತಿ ನನ್ನ ಸೈಕಲ್ಲಿಗೂ ತಿಳಿದಿರಲಿಲ್ಲ. ಆ ದಿನ ನಾನು ಗೋಡೆಯಿಂದ ಸೈಕಲ್ಲು ಇಳಿಸಿ, ಹಿಂಭಾಗವನ್ನು ಬಲಕ್ಕೆ ಒಂದು ಸುತ್ತು ತಿರುಗಿಸಿ, ಬಿಗಿದ ತಂತಿಯನ್ನು ಹಾಗೇ ಬಿಟ್ಟು ತೂಗುಹಾಕಿದೆ. ಬೆಳಿಗ್ಗೆ ಹೋಗಿ ನೋಡಿದರೆ ತಂತಿ ಬಿಚ್ಚಿಕೊಂಡು ಸಡಿಲವಾಗಿ ಜೋತಾಡುತ್ತಿತ್ತು. ಅದು ತಾನಾಗಿ ಬಿಚ್ಚಿಕೊಳ್ಳುವ ತಂತಿಯಲ್ಲ. ಒಳಗೆ ಬಂದೆ, ಇಕ್ಕಳದ ಯಜಮಾನರು ಒಲೆಯ ಮುಂದೆ ನಿಂತು ಕಾಫಿ ಸೋಸುತ್ತಿದ್ದರು, ಅವರ ಬೆರಳ ತುದಿಗೆ ಚಕ್ರದ ಕಪ್ಪು ಮಸಿ ಹತ್ತಿತ್ತು.